ಕೂಡು ಕೈತೋಟವೂ ದಂಪತಿಗಳ ಮನೋನೆಮ್ಮದಿಯೂ

ದೇಹಕ್ಕೆ ಕಾಯಿಲೆ ಬಂದಾಗ ನಮ್ಮ ಗ್ರಾಮಗಳಲ್ಲಿ ಅದನ್ನು ಯಾರೂ ಮುಚ್ಚಿಡುವುದಿಲ್ಲ. ಜ್ವರದಿಂದ ಮಲಗಿದವರನ್ನು ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಬಾಣಂತಿಗೆ ಬೆನ್ನುನೋವೆಂದರೆ ಹತ್ತು ಜನ ಹತ್ತು ಬಗೆಯ ಮದ್ದು ಹೇಳುತ್ತಾರೆ. ಆದರೆ ಮನಸ್ಸು ಕುಗ್ಗಿದವರ ವಿಷಯದಲ್ಲಿ ಈ ಸಹಾನುಭೂತಿ ಕಾಣಸಿಗುವುದು ಅಪರೂಪ. ಕೆಲಸದಲ್ಲಿ ಆಸಕ್ತಿ ಕಳೆದುಕೊಂಡ ಗಂಡಸನ್ನು ಸೋಮಾರಿಯೆಂದೂ, ಮಾತು ಕಡಿಮೆ ಮಾಡಿದ ಸೊಸೆಯನ್ನು ಸೊಕ್ಕಿನವಳೆಂದೂ ಕರೆಯುವುದು ವಾಡಿಕೆಯಾಗಿದೆ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನೂರು ವಯಸ್ಕರಲ್ಲಿ ಸುಮಾರು ಹತ್ತು ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರು ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಇಂತಹವರು ದೂರದ ಊರಿನವರಲ್ಲ. ನಮ್ಮ ಕೇರಿಯವರೇ, ಕೆಲವೊಮ್ಮೆ ನಮ್ಮ ಮನೆಯವರೇ ಆಗಿರುತ್ತಾರೆ.

ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ಇರುವ ಹಲವು ಸಾಧನಗಳಲ್ಲಿ ಹೆಚ್ಚು ಹಣವಿಲ್ಲದೆ, ಊರಿನ ಒಳಗೇ, ಗಂಡ ಹೆಂಡತಿ ಇಬ್ಬರೂ ಕೂಡಿ ಕೈಗೊಳ್ಳಬಹುದಾದ ಒಂದನ್ನು ಇಲ್ಲಿ ವಿವರಿಸಲಾಗಿದೆ. ಐದಾರು ಮನೆಗಳವರು ಒಟ್ಟಾಗಿ ಒಂದೇ ಸ್ಥಳದಲ್ಲಿ ಬೆಳೆಸಿ, ಹಂಚಿಕೊಂಡು ತಿನ್ನುವ ತರಕಾರಿ ತೋಟವೇ ಅದು. ಇದನ್ನು ಕೂಡು ಕೈತೋಟವೆಂದು ಕರೆಯಬಹುದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ವ್ಯಂಗ್ಯವಾಗಿಯೇ ಆಡಿದರೆಂಬುದನ್ನು ಓದುಗರು ಬಲ್ಲರು.

ಇದನ್ನು ಕೇಳಿದ ಕೂಡಲೇ ರೈತ ದಂಪತಿಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಬೆಳಗಿನಿಂದ ಸಂಜೆಯವರೆಗೆ ಮಣ್ಣಿನಲ್ಲಿಯೇ ದುಡಿಯುವ ನಮಗೆ ಇನ್ನೊಂದು ತೋಟವೇಕೆ? ಮಣ್ಣಿನಿಂದ ನೆಮ್ಮದಿ ದೊರೆಯುವುದಾದರೆ ರೈತನಿಗಿಂತ ನೆಮ್ಮದಿವಂತ ಮತ್ತಾರಿರಬೇಕಿತ್ತು?

ಪ್ರಶ್ನೆ ನ್ಯಾಯವಾದುದೇ. ಆದರೆ ಹೊಲಕ್ಕೂ ಕೈತೋಟಕ್ಕೂ ಮನಸ್ಸಿನ ಮಟ್ಟಿಗೆ ಬಹಳ ಅಂತರವಿದೆ. ಹೊಲದ ಬೆನ್ನಿಗೆ ಸಾಲವಿದೆ, ಬಿತ್ತನೆ ಬೀಜದ ಬೆಲೆಯಿದೆ, ಮಂಡಿಯ ದರವಿದೆ, ಕೈಕೊಡುವ ಮಳೆಯಿದೆ. ರಾಗಿ ಬಿತ್ತಿದವನು ಫಲ ಕಾಣಲು ನಾಲ್ಕು ತಿಂಗಳು ಕಾಯಬೇಕು. ಆ ನಾಲ್ಕು ತಿಂಗಳೂ ಮನಸ್ಸು ಲೆಕ್ಕಾಚಾರದಲ್ಲಿಯೇ ಬೇಯುತ್ತಿರುತ್ತದೆ. ಎರಡು ವರ್ಷ ಸತತವಾಗಿ ಬೆಳೆ ಹೋದರೆ ತಾನು ಮಾಡುವುದೆಲ್ಲವೂ ವ್ಯರ್ಥವೆಂಬ ಭಾವನೆ ಮೂಡಿ, ಅದೇ ಬೇರೂರುತ್ತದೆ. ಕೈತೋಟದ ಮಡಿಯಲ್ಲಿ ಇವು ಯಾವುವೂ ಇಲ್ಲ. ಅದಕ್ಕೆ ಸಾಲ ಮಾಡಬೇಕಾಗಿಲ್ಲ. ಅದರ ಬೆಳೆಗೆ ದಲ್ಲಾಳಿಯಿಲ್ಲ. ಚೆಲ್ಲಿದ ಮೆಂತ್ಯ ನಾಲ್ಕೈದು ದಿನಗಳಲ್ಲಿ ಮೊಳೆಯುತ್ತದೆ, ತಿಂಗಳೊಳಗೆ ಸಾರಿಗೆ ಬರುತ್ತದೆ. ದಂಟು ಸಹ ಅಷ್ಟೇ. ಮೂಲಂಗಿಗೆ ಒಂದೂವರೆ ತಿಂಗಳು ಸಾಕು. ತಾನು ಇಟ್ಟ ಕೈಗೆ ಫಲವಿದೆ ಎಂಬುದನ್ನು ಸೋತ ಮನಸ್ಸಿಗೆ ಇಷ್ಟು ಬೇಗ ತೋರಿಸಿಕೊಡುವ ಕೆಲಸ ಹಳ್ಳಿಯಲ್ಲಿ ಬೇರೊಂದು ಸಿಗುವುದು ಕಷ್ಟ.

ಮನೋವೈದ್ಯರು ಖಿನ್ನತೆಯ ಒಂದು ವಿಷಚಕ್ರವನ್ನು ಗುರುತಿಸುತ್ತಾರೆ. ಮನಸ್ಸು ಕುಗ್ಗಿದವರು ಮೊದಲು ಕೆಲಸದಿಂದ, ಬಳಿಕ ಜನರಿಂದ ದೂರ ಸರಿಯುತ್ತಾರೆ. ದೂರ ಸರಿದಷ್ಟೂ ಸಂತೋಷದ ಸಂದರ್ಭಗಳು ಕಡಿಮೆಯಾಗುತ್ತವೆ. ಅವು ಕಡಿಮೆಯಾದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆಂದು ಕಾಯುತ್ತ ಕುಳಿತರೆ ಉತ್ಸಾಹ ಬರುವುದೇ ಇಲ್ಲ. ಆದುದರಿಂದ ಚಿಕಿತ್ಸೆಯ ಒಂದು ಅಂಗವಾಗಿ, ಉತ್ಸಾಹವಿಲ್ಲದಿದ್ದರೂ ಗೊತ್ತಾದ ಹೊತ್ತಿಗೆ ಗೊತ್ತಾದ ಸಣ್ಣ ಕೆಲಸವೊಂದನ್ನು ಮಾಡುವಂತೆ ರೋಗಿಗೆ ಸಲಹೆ ನೀಡುತ್ತಾರೆ. ಎರಡು ಚೆಂಬು ನೀರು ಹಾಕುವುದು, ನಾಲ್ಕು ಕಳೆ ಕೀಳುವುದು, ಹಬ್ಬಿದ ಬಳ್ಳಿಯನ್ನು ಚಪ್ಪರಕ್ಕೆ ಏರಿಸುವುದು ಇಂತಹ ಕೆಲಸಗಳೇ. ನಿಮ್ಹಾನ್ಸ್‌ನಲ್ಲಿ ಗುಣಮುಖರಾಗುತ್ತಿರುವವರ ಪುನರ್ವಸತಿಗಾಗಿ ಇರುವ ವಿಭಾಗದಲ್ಲಿ ತೋಟಗಾರಿಕೆಯೂ ಒಂದು ತರಬೇತಿಯಾಗಿ ಸೇರಿರುವುದು ಆಕಸ್ಮಿಕವಲ್ಲ. ಎಳೆಬಿಸಿಲು ಮತ್ತು ಮೈ ದಣಿಯುವಷ್ಟು ಕೆಲಸ ರಾತ್ರಿಯ ನಿದ್ರೆಗೂ ಸಹಾಯಕವಾಗುತ್ತವೆ.

ಈ ವಿಷಯವನ್ನು ವಿದೇಶಗಳಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ನೆದರ್ಲೆಂಡ್ಸ್ ದೇಶದಲ್ಲಿ ಮೂವತ್ತು ಮಂದಿ ತೋಟಗಾರರಿಗೆ ಮೊದಲು ತಲೆಬಿಸಿಯಾಗುವಂತಹ ಒಂದು ಪರೀಕ್ಷೆ ಕೊಟ್ಟು, ಅನಂತರ ಕೆಲವರಿಗೆ ಅರ್ಧ ಗಂಟೆ ತೋಟದ ಕೆಲಸವನ್ನೂ ಉಳಿದವರಿಗೆ ಅಷ್ಟೇ ಹೊತ್ತು ಓದುವ ಅವಕಾಶವನ್ನೂ ನೀಡಲಾಯಿತು. ಒತ್ತಡದ ಸಮಯದಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದೂತವನ್ನು ಅವರ ಎಂಜಲಿನಲ್ಲಿ ಅಳೆದಾಗ ಎರಡೂ ಗುಂಪಿನವರಲ್ಲಿ ಅದು ಇಳಿದಿತ್ತು. ಆದರೆ ತೋಟದಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚು ಇಳಿದಿತ್ತು. ಇದು 2011ರಲ್ಲಿ ಪ್ರಕಟವಾಯಿತು. ಅಮೆರಿಕದ ಡೆನ್ವರ್ ನಗರದ ಅಧ್ಯಯನ ಇದಕ್ಕಿಂತ ದೊಡ್ಡದು. ಅಲ್ಲಿ 291 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಸಮುದಾಯ ತೋಟಗಳಲ್ಲಿ ಮಡಿಗಳನ್ನು ಕೊಟ್ಟು, ಇನ್ನೊಂದು ಗುಂಪಿನವರನ್ನು ಮುಂದಿನ ವರ್ಷದವರೆಗೆ ಕಾಯುವಂತೆ ಕೇಳಿಕೊಳ್ಳಲಾಯಿತು. ತೋಟ ಮಾಡಿದವರಲ್ಲಿ ಒತ್ತಡವೂ ಆತಂಕವೂ ಹೆಚ್ಚು ತಗ್ಗಿದವು. ಅವರು ನಾರಿನಂಶವುಳ್ಳ ಆಹಾರವನ್ನು ಹೆಚ್ಚು ತಿಂದರು, ಮೈ ಹೆಚ್ಚು ಆಡಿಸಿದರು. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅವರು ನಗರವಾಸಿಗಳು, ನಾವು ಹಳ್ಳಿಗರು ಎಂಬ ಭೇದ ಇದ್ದೇ ಇದೆ. ಆದರೂ ಕೂಡಿ ಮಾಡುವ ಕೆಲಸದಿಂದ ಮನಸ್ಸು ಹಗುರವಾಗುವ ವಿಷಯ ಮುಯ್ಯಾಳು ಪದ್ಧತಿಯನ್ನು ಕಂಡ ನಮ್ಮ ಜನಕ್ಕೆ ಹೊಸದೆನಿಸಲಾರದು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ನಾಟಿ ಮಾಡುತ್ತಿದ್ದಾಗ ಬೆನ್ನು ಬಾಗಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ.

ಕೂಡಿ ಮಾಡುವುದೇ ಮುಖ್ಯ

ತರಕಾರಿಯಷ್ಟೇ ಬೇಕಿದ್ದರೆ ಪ್ರತಿ ಮನೆಯವರೂ ತಮ್ಮ ಹಿತ್ತಲಿನಲ್ಲಿ ಬೆಳೆದುಕೊಳ್ಳಬಹುದು. ಆದರೆ ಒಂಟಿ ಹಿತ್ತಲು ಮಾಡಲಾರದ ಒಂದು ಉಪಕಾರವನ್ನು ಕೂಡು ತೋಟ ಮಾಡುತ್ತದೆ: ಅಲ್ಲಿ ಬರದವರನ್ನು ಯಾರಾದರೂ ಗಮನಿಸುತ್ತಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೊದಲ ಹೆರಿಗೆ ಮುಗಿಸಿ ಐದನೆಯ ತಿಂಗಳಿಗೆ ತವರಿನಿಂದ ಗಂಡನ ಮನೆಗೆ ಹಿಂದಿರುಗಿದ ತರುಣಿ. ಅತ್ತೆ ಕೆಟ್ಟವರಲ್ಲ, ಗಂಡನೂ ಒಳ್ಳೆಯವನೇ. ಆದರೂ ಅವಳಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ಮಗು ಅತ್ತರೆ ಎತ್ತಿಕೊಳ್ಳಲೂ ಬೇಸರವೆನಿಸುತ್ತದೆ, ಹಾಗೆನಿಸಿದ್ದಕ್ಕೆ ತಾನು ಕೆಟ್ಟ ತಾಯಿಯೆಂಬ ಅಳುಕು ಬೇರೆ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಅವಳಿಗೆ ಅಂಗನವಾಡಿಯ ಹಿಂದಿನ ಕೂಡು ತೋಟದಲ್ಲಿ ದಂಟಿನ ಒಂದು ಮಡಿ ಪಾಲಿಗೆ ಬಂದಿದೆ. ಎರಡು ದಿನ ಅವಳು ಬಾರದಿದ್ದರೆ ಪಕ್ಕದ ಮಡಿಯಾಕೆ ಹೊಸಿಲ ಬಳಿ ನಿಂತು, “ಯಾಕಮ್ಮಾ, ಎರಡು ದಿನದಿಂದ ಈ ಕಡೆ ಕಾಣಲೇ ಇಲ್ಲ?” ಎನ್ನುತ್ತಾಳೆ. ಕುಶಲ ವಿಚಾರಿಸಲೆಂದೇ ಬಂದಿದ್ದರೆ ಅವಳು ಚೆನ್ನಾಗಿದ್ದೇನೆಂದು ಹೇಳಿ ಒಳಗೆ ಹೋಗುತ್ತಿದ್ದಳು. ಗಿಡದ ನೆಪದಲ್ಲಿ ಬಂದವರೊಡನೆ ಮಾತು ತಾನಾಗಿ ಮುಂದುವರಿಯುತ್ತದೆ. ಕಳೆ ಕೀಳುವಾಗ ಮುಖ ನೋಡಿ ಮಾತಾಡಬೇಕಾಗಿಲ್ಲ. ಮುಖ ನೋಡದೆ ಆಡಬಹುದಾದ ಮಾತುಗಳು ಎಷ್ಟೋ ಇರುತ್ತವೆ. ಗಂಡಸರ ವಿಷಯದಲ್ಲಂತೂ ಇದು ಇನ್ನೂ ನಿಜ. ತನ್ನ ಸಂಕಟವನ್ನು ಎದುರು ಕುಳಿತು ಹೇಳಿಕೊಳ್ಳುವ ಅಭ್ಯಾಸ ನಮ್ಮ ಗಂಡಸರಿಗೆ ಇಲ್ಲ. ಗುದ್ದಲಿ ಹಿಡಿದಿದ್ದಾಗ ಒಂದೆರಡು ಮಾತು ಹೊರಬೀಳುತ್ತದೆ.

ಆದುದರಿಂದ ಇಂತಹ ತೋಟಕ್ಕೆ ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬುದು ಏನನ್ನು ಬೆಳೆಯುತ್ತೇವೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು, ಮಗುವನ್ನು ಕಳೆದುಕೊಂಡ ದಂಪತಿಗಳು ನಮ್ಮ ಊರುಗಳಲ್ಲಿ ಶುಭಕಾರ್ಯಗಳಿಂದ ದೂರ ಉಳಿಯುವಂತಾಗಿದೆ. ಬಂಜೆಯ ಕೈ ತಾಗಿದರೆ ಬಳ್ಳಿ ಕಾಯಿ ಬಿಡದು, ಮುಟ್ಟಾದವರು ಮುಟ್ಟಿದರೆ ಗಿಡ ಒಣಗುತ್ತದೆ ಎಂಬ ನಂಬಿಕೆಗಳಿಗೆ ಯಾವ ಆಧಾರವೂ ಇಲ್ಲ. ಗಿಡ ಒಣಗುವುದು ನೀರಿಲ್ಲದೆ, ರೋಗದಿಂದ, ಬೇರು ಕೊಳೆತು. ಮಕ್ಕಳಾಗದಿರಲು ಕಾರಣ ಗಂಡನಲ್ಲಿಯೂ ಇರಬಹುದು, ಹೆಂಡತಿಯಲ್ಲಿಯೂ ಇರಬಹುದು. ಇಬ್ಬರೂ ಕೂಡಿ ವೈದ್ಯರನ್ನು ಕಾಣುವುದೇ ಅದಕ್ಕೆ ದಾರಿ. ಹಾಗೆಯೇ ಜಾತಿ ನೋಡಿ ಮಡಿ ಹಂಚುವ ತೋಟ, ಕೊಳಾಯಿಯನ್ನು ಒಬ್ಬರು ಮುಟ್ಟಬಹುದು ಇನ್ನೊಬ್ಬರು ಮುಟ್ಟಬಾರದೆನ್ನುವ ತೋಟ ಯಾರ ಮನಸ್ಸನ್ನೂ ಗುಣಪಡಿಸುವುದಿಲ್ಲ. ಹಳೆಯ ಗಾಯವನ್ನೇ ಕೆದಕುತ್ತದೆ. ಅಂತಹ ತೋಟವನ್ನು ಮಾಡದಿರುವುದೇ ಲೇಸು.

ಗಂಡನ ಪಾಲು

ಇಲ್ಲಿ ಪತಿಯರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಗೃಹಿಣಿಯು ಮುಂಜಾನೆ ಎದ್ದು ಕಸ, ಮುಸುರೆ, ಅಡುಗೆ, ದನಕರು, ಹೊಲದ ಕೂಲಿ, ಮತ್ತೆ ಅಡುಗೆ ಎಂದು ಮಲಗುವವರೆಗೂ ದುಡಿಯುತ್ತಾಳೆ. ಇದರ ಮೇಲೆ ತೋಟದ ಕೆಲಸವನ್ನೂ ಅವಳ ಹೆಗಲಿಗೆ ಹೇರಿ, ಅದರಿಂದ ಅವಳ ಮನಸ್ಸಿಗೆ ಹಿತವಾಗುತ್ತದೆಂದು ಹೇಳುವುದು ಪರಿಹಾಸ್ಯವಾದೀತು. ನೆಲ ಅಗೆಯುವುದು, ಗೊಬ್ಬರ ಹೊರುವುದು, ಬೇಲಿ ಕಟ್ಟುವುದು, ನೀರು ಹೊತ್ತು ತರುವುದು ಗಂಡಸರ ಕೆಲಸವಾಗಿರಲಿ. ಗರ್ಭಿಣಿಯರೂ ಇತ್ತೀಚೆಗೆ ಹೆರಿಗೆಯಾದವರೂ ತುಂಬಿದ ಬಿಂದಿಗೆ ಎತ್ತಲೇಬಾರದು. ಹೆಂಡತಿ ತೋಟಕ್ಕೆ ಹೋಗುವ ಅರ್ಧ ಗಂಟೆ ಗಂಡನು ಮಗುವನ್ನು ನೋಡಿಕೊಳ್ಳಲಿ. ವಾರಕ್ಕೆ ಎರಡು ಸಂಜೆಯಾದರೂ ಇಬ್ಬರೂ ಒಟ್ಟಿಗೆ ಹೋಗಲಿ. ಮನೆ ತುಂಬ ಜನರಿರುವ ಕೂಡು ಕುಟುಂಬಗಳಲ್ಲಿ ಗಂಡ ಹೆಂಡತಿ ಹಗಲಿನಲ್ಲಿ ನಾಲ್ಕು ಮಾತು ಆಡಿಕೊಳ್ಳಲು ಬೇರೆ ಸ್ಥಳವೂ ದೊರೆಯುವುದಿಲ್ಲ. ಮುಂದಿನ ಮಗು ಯಾವಾಗ, ಮಗುವಿನ ಚುಚ್ಚುಮದ್ದಿಗೆ ಯಾವ ದಿನ ಹೋಗಬೇಕು, ಸಾಲದ ಕಂತಿಗೇನು ಮಾಡೋಣ ಎಂಬ ವಿಚಾರಗಳನ್ನು ಬದನೆ ಗಿಡದ ಪಕ್ಕದಲ್ಲಿ ನಿಂತು ಮಾತನಾಡಿದರೆ ಜಗಳವಾಗುವುದು ಕಡಿಮೆ.

ತೋಟ ಹಾಕುವ ಬಗೆ

ಆರು ಮನೆಗಳಿಗೆ ಎರಡು ಗುಂಟೆ ನೆಲ ಸಾಕು. ಒಂದು ಗುಂಟೆಯೆಂದರೆ ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ. ಅಂಗನವಾಡಿ ಅಥವಾ ಶಾಲೆಯ ಆವರಣ, ಪಂಚಾಯಿತಿಯ ಖಾಲಿ ನಿವೇಶನ, ಪಾಳು ಬಿದ್ದ ಹಿತ್ತಲು, ಯಾವುದಾದರೂ ಆಗಬಹುದು. ಅನುಮತಿಯನ್ನು ಮಾತ್ರ ಬರವಣಿಗೆಯಲ್ಲಿ ಪಡೆದುಕೊಳ್ಳಿರಿ. ಬೆಳೆ ಬಂದ ಮೇಲೆ ನೆಲ ತನ್ನದೆನ್ನುವವರು ಹುಟ್ಟಿಕೊಳ್ಳುತ್ತಾರೆ. ನೀರಿನ ಆಸರೆ ಹತ್ತಿರವಿರಬೇಕು. ಸ್ನಾನದ ನೀರನ್ನು ಬಾಳೆ, ನುಗ್ಗೆಗಳ ಬುಡಕ್ಕೆ ಹರಿಸಬಹುದು. ಸೊಪ್ಪಿನ ಮಡಿಗೆ ಅದು ಬೇಡ. ಮನಸ್ಸು ಕುಗ್ಗಿದವರ ಪಾಲಿಗೆ ಬೇಗ ಬರುವ ಬೆಳೆಗಳನ್ನು ಕೊಡುವುದು ವಿವೇಕ. ಮೆಂತ್ಯ, ದಂಟು, ಮೂಲಂಗಿಗಳನ್ನು ಅವರಿಗೆ ಬಿಟ್ಟು, ಎರಡು ತಿಂಗಳು ಕಾಯಿಸುವ ಸೋರೆ, ಹೀರೆ, ಚಪ್ಪರದವರೆಗಳನ್ನು ಉಳಿದವರು ನೋಡಿಕೊಳ್ಳಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ಅರ್ಕಾ ಸುಗುಣ ಎಂಬ ದಂಟಿನ ತಳಿಯನ್ನು ಒಮ್ಮೆ ಬಿತ್ತಿ ಹಲವು ಸಲ ಕೊಯ್ಯಬಹುದು. ಬೀಜಕ್ಕಾಗಿ ಹತ್ತಿರದ ತೋಟಗಾರಿಕಾ ಇಲಾಖೆಯ ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿರಿ.

ಕೂಡು ತೋಟಗಳು ಹಾಳಾಗುವುದು ಹುಳುವಿನಿಂದಲ್ಲ, ಮೊದಲ ಸೋರೆಕಾಯಿಯ ಜಗಳದಿಂದ. ಯಾರ ಸರದಿಗೆ ಯಾವ ವಾರದ ಕಾಯಿ, ಊರಿಗೆ ಹೋದವರ ಮಡಿಗೆ ನೀರು ಹಾಕುವವರು ಯಾರು, ದನ ನುಗ್ಗಿದರೆ ಹೊಣೆ ಯಾರದು ಎಂಬುದನ್ನು ಬಿತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಸ್ತ್ರೀಶಕ್ತಿ ಸಂಘ ಅಥವಾ ಸ್ವಸಹಾಯ ಗುಂಪು ಇರುವ ಊರಿನಲ್ಲಿ ಈ ಹೊಂದಾಣಿಕೆ ಸುಲಭವಾಗುತ್ತದೆ.

ಕೀಟಗಳಿಗೆ ಅಂಗಡಿಯ ವಿಷವನ್ನು ಈ ತೋಟದೊಳಗೆ ತರಲೇಬಾರದು. ಒಂದು ಲೀಟರ್ ನೀರಿಗೆ ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಹಾಕಿ, ರಾತ್ರಿ ನೆನೆಯಿಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಕದಡಿ ಸಂಜೆಯ ಹೊತ್ತು ಸಿಂಪಡಿಸಿದರೆ ಸಾಕು. ಇದಕ್ಕೆ ಆಹಾರದ ಶುದ್ಧತೆಯೊಂದೇ ಕಾರಣವಲ್ಲ. ಮನಸ್ಸು ತೀರ ನೊಂದ ಗಳಿಗೆಯಲ್ಲಿ ಕೈಗೆಟಕುವಂತೆ ವಿಷದ ಡಬ್ಬಿ ಇದ್ದ ಮನೆಗಳಲ್ಲಿ ಎಷ್ಟೋ ಪ್ರಾಣಗಳು ಹೋಗಿವೆ. ಆ ಗಳಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಕಳೆದುಹೋಗುವಂಥದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಹೊಲಕ್ಕೆಂದು ತಂದ ಕೀಟನಾಶಕವನ್ನು ಮನೆಯೊಳಗೆ ಇಡದೆ, ಬೇರೆಡೆ ಬೀಗ ಹಾಕಿ, ಬೀಗದ ಕೈಯನ್ನು ನಂಬಿಕೆಯ ಒಬ್ಬರ ವಶದಲ್ಲಿಡಿರಿ. ಉಳಿದುದನ್ನು ಮುಂದಿನ ಹಂಗಾಮಿಗೆಂದು ಕೂಡಿಡಬೇಡಿರಿ.

ಬರಿಗಾಲಿನಲ್ಲಿ ತೋಟಕ್ಕೆ ಇಳಿಯದಿರುವುದು, ಕೆಲಸದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಕೊಕ್ಕೆಹುಳುವಿನಿಂದಲೂ ಬೇರೆ ಸೋಂಕುಗಳಿಂದಲೂ ರಕ್ಷಣೆ ಕೊಡುತ್ತದೆ. ಗರ್ಭಿಣಿಯರು ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪಿಸಬಾರದು. ಸೊಪ್ಪು ತಿನ್ನುತ್ತೇವೆಂದು ಕಬ್ಬಿಣದಂಶದ ಮಾತ್ರೆಯನ್ನು ಬಿಡುವುದೂ ತಪ್ಪು.

ತೋಟ ಸಾಲದಾದಾಗ

ತೋಟದಿಂದ ಮನಸ್ಸಿಗೆ ನೆರವುಂಟು. ಆದರೆ ಅದು ವೈದ್ಯರ ಬದಲಿಯಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಅನೇಕರಿಗೆ ಉಂಟು, ಅದು ತಾನಾಗಿ ಹೋಗುತ್ತದೆ. ಆದರೆ ಬಾಣಂತಿಯಾಗಲಿ ಬೇರೆ ಯಾರೇ ಆಗಲಿ ಎರಡು ವಾರಗಳಿಗೂ ಮೀರಿ ಬೇಸರದಲ್ಲಿಯೇ ಇದ್ದರೆ, ನಿದ್ರೆ ಊಟ ಕೆಟ್ಟಿದ್ದರೆ, ಬದುಕಿ ಏನು ಪ್ರಯೋಜನವೆಂಬ ಮಾತು ಬಂದರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳಿದವರಿದ್ದಾರೆ ಎಂಬ ಸಮಾಧಾನ ದೊರೆಯುತ್ತದೆ. ಅಂತಹವರನ್ನು ಒಂಟಿಯಾಗಿ ಬಿಡಬಾರದು. ಬಹುಕಾಲದಿಂದ ಪ್ರತಿದಿನ ಹೆಚ್ಚು ಕುಡಿಯುತ್ತಿರುವ ಗಂಡಸನ್ನು ತೋಟದ ಕೆಲಸಕ್ಕೆ ಹಚ್ಚಿ ಒಂದೇ ದಿನದಲ್ಲಿ ಕುಡಿತ ಬಿಡಿಸುವ ಪ್ರಯತ್ನ ಅಪಾಯಕರ. ಹಠಾತ್ತಾಗಿ ನಿಲ್ಲಿಸಿದಾಗ ನಡುಕ, ಫಿಟ್ಸ್ ಬರಬಹುದಾದುದರಿಂದ ವೈದ್ಯರ ಸಲಹೆಯಂತೆಯೇ ಬಿಡಿಸಬೇಕು. ಮನೋರೋಗಕ್ಕೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಹುಷಾರಾದೆವೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು.

1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವು, ಮಾನಸಿಕ ತೊಂದರೆಗಳಿಗೆ ಹಳ್ಳಿಯ ಹತ್ತಿರದ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆಸ್ಪತ್ರೆಗೆ ಹೋಗಲು ಸಂಕೋಚಪಡುವವರು 14416 ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತವಾದುದು. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಅವರು ಮುಂದಿನ ದಾರಿ ತೋರಿಸುತ್ತಾರೆ.

ಇನ್ನು ಬೇಸಿಗೆಯ ವಿಚಾರ. ಮುಂಗಾರಿನಲ್ಲಿ ಹುಮ್ಮಸ್ಸಿನಿಂದ ಶುರುವಾದ ತೋಟಗಳು ಶಿವರಾತ್ರಿ ಕಳೆಯುತ್ತಲೇ ಒಣಗಿ, ಅಲ್ಲಿಗೆ ಬರುತ್ತಿದ್ದವರೂ ಚದುರಿಹೋಗುವುದುಂಟು. ಕೆಲಸವಿಲ್ಲದ, ಸಾಲಗಾರರು ಬಾಗಿಲಿಗೆ ಬರುವ ಆ ತಿಂಗಳುಗಳಲ್ಲಿಯೇ ಒಬ್ಬರಿಗೊಬ್ಬರು ಹೆಚ್ಚು ಬೇಕಾಗಿರುತ್ತದೆ. ಆದುದರಿಂದ ಇಡೀ ತೋಟವನ್ನು ಉಳಿಸಲಾಗದಿದ್ದರೂ ಬಚ್ಚಲ ನೀರು ಹರಿಯುವೆಡೆ ಒಂದು ನುಗ್ಗೆಯನ್ನೂ, ಮುಸುರೆಯಲ್ಲದ ನೀರಿನಲ್ಲಿ ಒಂದು ಬಸಳೆ ಚಪ್ಪರವನ್ನೂ ಉಳಿಸಿಕೊಂಡು, ಸರದಿಯ ಮೇಲೆ ನೀರು ಹಾಕುತ್ತಿರಬೇಕು. ಆ ಚಪ್ಪರದ ನೆರಳಿನಲ್ಲಿ ವಾರಕ್ಕೊಮ್ಮೆ ಕುಳಿತು, ಬಲಿತ ಹೀರೆ, ಸೋರೆಗಳ ಬೀಜ ಬಿಡಿಸಿ, ಬೂದಿ ಬೆರೆಸಿ, ಮಡಕೆಯಲ್ಲಿಟ್ಟು ಬಾಯಿ ಕಟ್ಟಿ, ಪ್ರತಿ ಮನೆಗೂ ಒಂದೊಂದು ಹಿಡಿಯಂತೆ ಈಗಲೇ ಹಂಚಿಡಬಹುದು. ರೋಹಿಣಿ ಮಳೆ ಬಿದ್ದ ದಿನ ಬೀಜಕ್ಕಾಗಿ ಯಾರೂ ಅಲೆಯಬೇಕಾಗುವುದಿಲ್ಲ.